ಕಳೆದುಹೋದ ಎರಡು ಗಂಟೆ

1961ರ ಸೆಪ್ಟೆಂಬರ್ 21ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೀಸ್ ವಾಯುನೆಲೆಗೆ ಒಂದು ಫೋನ್ ಬಂತು. ಮಾಡಿದವರು ಅಲ್ಲೇ ಹತ್ತಿರದ ಪೋರ್ಟ್ಸ್‌ಮತ್ ಊರಿನ ಬೆಟ್ಟಿ ಹಿಲ್, 42 ವರ್ಷದ ಸಮಾಜ ಕಾರ್ಯಕರ್ತೆ. ತಾವೂ ತಮ್ಮ ಗಂಡ ಬಾರ್ನಿಯೂ ಕೆನಡಾದಿಂದ ಕಾರಿನಲ್ಲಿ ಮರಳುವಾಗ ಬೆಟ್ಟದ ದಾರಿಯಲ್ಲಿ ವಿಚಿತ್ರವಾದ ಬೆಳಕೊಂದು ಬಹಳ ಹೊತ್ತು ಜೊತೆಗೇ ಬಂತು, ಅದರ ಚಲನೆ ವಿಮಾನದ ಹಾಗಿರಲಿಲ್ಲ ಎಂದರು. ಮೇಜರ್ ಪಾಲ್ ಹೆಂಡರ್ಸನ್ ಮರುದಿನ ತಾವೇ ಫೋನ್ ಮಾಡಿ ಮತ್ತಷ್ಟು ವಿಚಾರಿಸಿ ವರದಿ ಬರೆದರು. ಸಿಗಾರಿನಂಥ ಆಕಾರ, ಅದರ ಉದ್ದಕ್ಕೂ ಬೆಳಕಿನ ಪಟ್ಟಿ, ಎರಡು ಬದಿಗೆ ಚಾಚಿಕೊಂಡ ರೆಕ್ಕೆಗಳಂಥವು, ಅವುಗಳ ತುದಿಯಲ್ಲಿ ಕೆಂಪು ದೀಪ. ವರದಿಯಲ್ಲಿದ್ದ ಮುಖ್ಯ ಸಂಗತಿ ಇಷ್ಟು.

ಹಿಲ್ ದಂಪತಿ ಎಂದರೆ ಇಂದು ಜಗತ್ತಿಗೆ ನೆನಪಾಗುವ ಕಥೆಯೇ ಬೇರೆ. ದೊಡ್ಡ ಕಣ್ಣಿನ ಗಿಡ್ಡ ಜೀವಿಗಳು ದಾರಿಗೆ ಅಡ್ಡ ನಿಂತದ್ದು, ಗಂಡ ಹೆಂಡತಿಯನ್ನು ಹಾರುವ ತಟ್ಟೆಯೊಳಕ್ಕೆ ಕರೆದೊಯ್ದದ್ದು, ಮೇಜಿನ ಮೇಲೆ ಮಲಗಿಸಿ ಪರೀಕ್ಷೆ ಮಾಡಿದ್ದು, ಬೆಟ್ಟಿಯ ಹೊಕ್ಕುಳಿಗೆ ಸೂಜಿ ಚುಚ್ಚಿದ್ದು, ಕೊನೆಗೆ ನಕ್ಷತ್ರಗಳ ನಕ್ಷೆ ತೋರಿಸಿ ಕಳಿಸಿಕೊಟ್ಟದ್ದು. ಮುಂದೆ ಬಂದ ನೂರಾರು 'ಅಪಹರಣ'ದ ಕಥೆಗಳಿಗೆಲ್ಲ ಅಚ್ಚು ಹಾಕಿಕೊಟ್ಟದ್ದು ಇದೇ. ಆದರೆ ಹೆಂಡರ್ಸನ್ ವರದಿಯಲ್ಲಿ ಅಪಹರಣವಿಲ್ಲ, ಸೂಜಿಯಿಲ್ಲ, ನಕ್ಷೆಯಿಲ್ಲ. ಇವೆಲ್ಲ ಯಾವಾಗ ಬಂದವು, ಯಾರ ಎದುರು ಬಂದವು ಎಂದು ದಿನಾಂಕ ಹಿಡಿದು ಹುಡುಕಿದರೆ ಹಾರುವ ತಟ್ಟೆಗಿಂತ ಸ್ವಾರಸ್ಯವಾದದ್ದು ಸಿಗುತ್ತದೆ. ಪ್ರತಿ ವಿಚಾರಣೆಯೂ ಕಥೆಗೆ ತನ್ನದೊಂದು ಪದರ ಸೇರಿಸುತ್ತ ಹೋಗಿರುವುದು ಕಾಣುತ್ತದೆ.

ಮೊದಲು ಆ ರಾತ್ರಿ, ಸೆಪ್ಟೆಂಬರ್ 19. ನಯಾಗರ, ಮಾಂಟ್ರಿಯಲ್ ಸುತ್ತಿಕೊಂಡು ದಂಪತಿ 1957ರ ಷೆವರ್ಲೆ ಕಾರಿನಲ್ಲಿ ಮನೆಗೆ ಮರಳುತ್ತಿದ್ದರು. ಹಿಂದಿನ ಸೀಟಿನಲ್ಲಿ ಡೆಲ್ಸಿ ಎಂಬ ಪುಟ್ಟ ನಾಯಿ. ಅವಸರದಲ್ಲಿ ಹೊರಟ ಪ್ರವಾಸ, ಕೈಯಲ್ಲಿ ದುಡ್ಡು ಮುಗಿಯುತ್ತ ಬಂದಿತ್ತು, ಎಸ್ತರ್ ಚಂಡಮಾರುತ ಕರಾವಳಿಯತ್ತ ಬರುತ್ತಿದೆ ಎಂದು ರೇಡಿಯೊ ಹೇಳುತ್ತಿತ್ತು. ಹಾಗಾಗಿ ದಾರಿಯಲ್ಲಿ ತಂಗದೆ ರಾತ್ರಿಯೇ ಊರು ಸೇರುವ ತೀರ್ಮಾನ. ಕೋಲ್‌ಬ್ರೂಕ್ ಎಂಬಲ್ಲಿ ಹೋಟೆಲಿಗೆ ಹೋಗಿ ಏನೋ ತಿಂದು ಹತ್ತು ಗಂಟೆ ದಾಟುತ್ತಿದ್ದಂತೆ ಹೊರಟರು. ಎರಡೂವರೆಗೆ, ತಪ್ಪಿದರೆ ಮೂರಕ್ಕೆ ಮನೆ ಎಂಬುದು ಬಾರ್ನಿಯ ಲೆಕ್ಕ.

ಲ್ಯಾಂಕಾಸ್ಟರ್ ಕಡೆ ಬರುವಾಗ ಚಂದ್ರನ ಹತ್ತಿರ ಒಂದು ಬೆಳಕು ಬೆಟ್ಟಿಯ ಕಣ್ಣಿಗೆ ಬಿತ್ತು. ನಕ್ಷತ್ರವೇ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಅದು ಮೇಲೇರಿದಂತೆ ತೋರಿತು. ಕೆಲವು ವರ್ಷಗಳ ಹಿಂದೆ ಅವರ ತಂಗಿ ತಾನು ಹಾರುವ ತಟ್ಟೆ ನೋಡಿದ್ದಾಗಿ ಹೇಳಿದ್ದರು. ಬೆಟ್ಟಿಯ ತಲೆಯಲ್ಲಿ ಅದೇ ಸುಳಿಯಿತು. ಬಾರ್ನಿ ಒಪ್ಪಲಿಲ್ಲ. ವಿಮಾನ ಇರಬೇಕು, ಉಪಗ್ರಹ ಇರಬೇಕು ಎನ್ನುತ್ತಲೇ ಕಾರು ಓಡಿಸಿದರು. ಮತ್ತೆ ಮತ್ತೆ ನಿಲ್ಲಿಸಿ ಇಳಿದರು, ಬೈನಾಕ್ಯುಲರ್ ಹಿಡಿದು ನೋಡಿದರು, ನಾಯಿಯನ್ನು ಅಡ್ಡಾಡಿಸಿದರು, ಕೆಲವು ಕಡೆ ನಡಿಗೆಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ತೆವಳಿದರು. ಫ್ರಾಂಕೋನಿಯಾ ಕಣಿವೆಯಲ್ಲಿ ಕ್ಯಾನನ್ ಬೆಟ್ಟದ ಹಿಂದೆ ಅದು ಮರೆಯಾಗಿ ಮತ್ತೆ ಕಾಣಿಸಿಕೊಂಡಿತು. ಇಂಡಿಯನ್ ಹೆಡ್ ಎಂಬ ಜಾಗಕ್ಕೆ ಬಂದಾಗ ಎದುರಿಗೇ ಇಳಿದಂತೆ ಕಂಡಿತು. ಬಾರ್ನಿ ಕಾರನ್ನು ರಸ್ತೆಯ ನಡುವೆಯೇ ನಿಲ್ಲಿಸಿ, ಪಿಸ್ತೂಲು ಜೇಬಿಗಿಟ್ಟುಕೊಂಡು, ಬೈನಾಕ್ಯುಲರ್ ಹಿಡಿದು ಹೊಲದೊಳಕ್ಕೆ ನಡೆದರು. ಸಾಲು ಕಿಟಕಿಗಳು, ಕಿಟಕಿಗಳ ಹಿಂದೆ ಸಮವಸ್ತ್ರ ತೊಟ್ಟ ಹತ್ತರಷ್ಟು ಆಕೃತಿಗಳು, ಅದರಲ್ಲೊಬ್ಬ ತನ್ನನ್ನೇ ದಿಟ್ಟಿಸುತ್ತಿದ್ದಾನೆ. ನಮ್ಮನ್ನು ಹಿಡಿಯುತ್ತಾರೆ ಎಂದು ಕಿರುಚುತ್ತ ಓಡಿಬಂದು ಕಾರು ಹೊರಡಿಸಿದರು. ಡಿಕ್ಕಿಯ ಕಡೆಯಿಂದ ಬೀಪ್ ಬೀಪ್ ಸದ್ದು. ಬಹಳ ದೂರ ಹೋದ ಮೇಲೆ ಮತ್ತೊಮ್ಮೆ ಅದೇ ಸದ್ದು. ಮನೆ ಸೇರಿದಾಗ ಬೆಳಗಿನ ಜಾವ ಐದು ದಾಟಿತ್ತು. ಕಿಟಕಿ, ಆಕೃತಿಗಳ ವಿಚಾರವನ್ನು ವಾಯುನೆಲೆಯವರಿಗೆ ಅವರು ಹೇಳಲಿಲ್ಲ. ಹುಚ್ಚ ಎಂದುಕೊಂಡಾರು ಎಂಬ ಅಂಜಿಕೆ.

ಯಾರಾದರೂ ಆಕಾಶದಲ್ಲಿ ಏನೋ ಕಂಡೆ ಎಂದರೆ ತನಿಖೆಗಾರ ಮೊದಲು ಕೇಳಬೇಕಾದ್ದು ಅಲ್ಲಿ ಆ ಹೊತ್ತಿಗೆ ಏನಿತ್ತು ಎಂದು. ಆಕಾಶದ ವಿಷಯದಲ್ಲಿ ಒಂದು ಅನುಕೂಲವಿದೆ: ಯಾವ ರಾತ್ರಿಯನ್ನಾದರೂ ಲೆಕ್ಕ ಹಾಕಿ ಮತ್ತೆ ಕಟ್ಟಿಕೊಳ್ಳಬಹುದು. ಹುಣ್ಣಿಮೆಗೆ ಐದು ದಿನವಿದ್ದ ಆ ರಾತ್ರಿ ಮುಕ್ಕಾಲು ತುಂಬಿದ ಚಂದ್ರ ನೈಋತ್ಯದಲ್ಲಿದ್ದ. ಅವನ ಹತ್ತಿರವೇ ಎರಡು ಗ್ರಹ, ಗುರು ಮತ್ತು ಶನಿ. ಹಾರುವ ತಟ್ಟೆಗಳನ್ನು ಅನುಮಾನದಿಂದಲೇ ಪರಿಶೀಲಿಸುವ ರಾಬರ್ಟ್ ಶೀಫರ್ ಎತ್ತಿದ ಪ್ರಶ್ನೆ ಸರಳವಾದದ್ದು. ಚಂದ್ರನ ಬಳಿ ಅಪರಿಚಿತ ವಸ್ತುವೊಂದು ನಿಜವಾಗಿ ಇದ್ದಿದ್ದರೆ ಬೆಟ್ಟಿಗೆ ಮೂರು ಚುಕ್ಕೆಗಳು ಕಾಣಬೇಕಿತ್ತು. ಅವರು ಹೇಳಿದ್ದು ಎರಡನ್ನೇ, ಒಂದು ನಕ್ಷತ್ರ ಮತ್ತು ಅದಕ್ಕಿಂತ ದೊಡ್ಡದಾದ ಇನ್ನೊಂದು. ಶನಿಯನ್ನೂ ಗುರುವನ್ನೂ ಆ ಜಾಗದಲ್ಲಿಟ್ಟರೆ ಲೆಕ್ಕ ಸರಿಹೋಗುತ್ತದೆ.

ಗ್ರಹ ಕಾರನ್ನು ಹಿಂಬಾಲಿಸುತ್ತದೆಯೇ ಎಂದು ನಗುವವರು ತಮ್ಮ ಬಾಲ್ಯದ ಬಸ್ ಪ್ರಯಾಣ ನೆನೆಯಲಿ. ತೆಂಗಿನ ತೋಟಗಳ ಹಿಂದೆ ಚಂದಮಾಮ ಊರಿನವರೆಗೂ ನಮ್ಮ ಜೊತೆಗೇ ಓಡಿ ಬರುತ್ತಿದ್ದನಲ್ಲ! ದೂರದ ವಸ್ತು ಜಾಗ ಬದಲಿಸುವುದಿಲ್ಲ, ಹತ್ತಿರದ ಮರ ಬೆಟ್ಟಗಳೇ ಹಿಂದೆ ಸರಿಯುತ್ತವೆ. ಕಣ್ಣು ಅದನ್ನು ತಿರುವು ಮುರುವು ಓದುತ್ತದೆ. ಬೆಟ್ಟದ ದಾರಿ ಸುತ್ತಿದಾಗ ಆ ಬೆಳಕು ಎಡಕ್ಕೂ ಬಲಕ್ಕೂ ಹಾರುತ್ತದೆ, ಶಿಖರ ಅಡ್ಡ ಬಂದರೆ ಮಾಯವಾಗುತ್ತದೆ. ಕೈ ನಡುಗುವಾಗ ಬೈನಾಕ್ಯುಲರಿನಲ್ಲಿ ಹಿಡಿದ ಚುಕ್ಕೆ ಇನ್ನೂ ಏನೇನೋ ಮಾಡುತ್ತದೆ.

ಇದು ಅರಿಯದವರ ಕಥೆ ಎಂದುಕೊಳ್ಳಬೇಕಿಲ್ಲ. 2012–13ರಲ್ಲಿ ಲಡಾಖ್‌ನ ಗಡಿಯಲ್ಲಿ ನಮ್ಮ ಸೈನಿಕರು ಚೀನಾದ ಡ್ರೋನ್‌ಗಳಿರಬಹುದು ಎಂದು ತಿಂಗಳುಗಟ್ಟಲೆ ಕೆಲವು ಬೆಳಕುಗಳನ್ನು ಕಾದು ಕುಳಿತು ಬರೆದಿಟ್ಟರು. ದಾಖಲೆಗಳು ಮುನ್ನೂರು ದಾಟಿದವು. ಕೊನೆಗೆ ಸೇನೆ ಕೇಳಿದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯ ಖಗೋಳ ವಿಜ್ಞಾನಿಗಳನ್ನು. ಬೆಳಕು ಯಾವ ದಿಕ್ಕಿನಲ್ಲಿ, ಎಷ್ಟು ಕೋನದ ಎತ್ತರದಲ್ಲಿ, ಸುತ್ತಲಿನ ನಕ್ಷತ್ರಗಳಿಗೆ ಹೋಲಿಸಿದರೆ ಹೇಗೆ ಸರಿಯುತ್ತಿದೆ ಎಂಬುದನ್ನು ಅವರು ಗುರುತಿಸಿಕೊಂಡರು. ಉತ್ತರ ಬಂತು: ಒಂದು ಗುರು, ಇನ್ನೊಂದು ಶುಕ್ರ. ನಿದ್ದೆಗೆಟ್ಟು ಕಾವಲು ಕಾಯುವ ಸೈನಿಕನ ಕಣ್ಣಿಗೇ ಹೀಗಾದರೆ, ದಿನವಿಡೀ ಕಾರು ಓಡಿಸಿ ದಣಿದವರದ್ದೇನು?

ಆ ಗುರು, ಶನಿಗಳಿಗೆ ನಮ್ಮ ಕಡೆ ಬೇರೆ ಕೆಲಸ ಕಾದಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಹಿಲ್ ದಂಪತಿಯ ರಾತ್ರಿ ಕಳೆದು ಐದು ತಿಂಗಳೊಳಗೆ, 1962ರ ಫೆಬ್ರವರಿಯ ಮೊದಲ ವಾರ, ಅವೆರಡೂ ಉಳಿದವುಗಳ ಜೊತೆ ಮಕರ ರಾಶಿಯಲ್ಲಿ ಸೇರಿ 'ಅಷ್ಟಗ್ರಹ ಕೂಟ'ವಾಯಿತು. ಪ್ರಳಯವೇ ಆದೀತೆಂದು ದೇಶದ ತುಂಬ ಹೋಮ ಹವನ ನಡೆದವು. ಅಲ್ಲಿ ತಟ್ಟೆ, ಇಲ್ಲಿ ಪ್ರಳಯ. ಭಯ ಆಯಾ ನೆಲದ ವೇಷ ತೊಟ್ಟುಕೊಂಡೇ ಬರುತ್ತದೆ.

ಹಾಗೆಂದು ಎಲ್ಲವನ್ನೂ ಗುರುವಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಗುರುವಿಗೆ ಕಿಟಕಿಗಳಿಲ್ಲ. ಕ್ಯಾನನ್ ಬೆಟ್ಟದ ತುದಿಯಲ್ಲಿದ್ದ ವೀಕ್ಷಣಾ ಗೋಪುರದ ದೀಪವೇ ದಾರಿಯ ತಿರುವುಗಳಲ್ಲಿ ಕಾಣಿಸುತ್ತ ಮರೆಯಾಗುತ್ತ ಅವರನ್ನು ಕಾಡಿತು ಎಂದು ಆ ಭಾಗದಲ್ಲೇ ನೆಲೆಸಿದ ಲೇಖಕರೊಬ್ಬರು ಅದೇ ರಸ್ತೆಯಲ್ಲಿ ಕಾರು ಓಡಿಸಿ ವಾದಿಸಿದ್ದಾರೆ. ಅದೂ ಬಾರ್ನಿ ಹೊಲದಲ್ಲಿ ನಿಂತು ನೋಡಿದ್ದನ್ನು ಪೂರ್ತಿ ವಿವರಿಸುವುದಿಲ್ಲ. ವಾಯುಪಡೆಯಂತೂ ತಲೆಕೆಡಿಸಿಕೊಳ್ಳಲಿಲ್ಲ. ಅವರ ಕಡತದಲ್ಲಿ ಮೊದಲು ಗುರುಗ್ರಹದ ಊಹೆ, ಆಮೇಲೆ ವಾತಾವರಣದ ದೃಷ್ಟಿಭ್ರಮೆ, ಕೊನೆಗೆ 'ಸಾಕಷ್ಟು ಮಾಹಿತಿ ಇಲ್ಲ' ಎಂಬ ಷರಾ. ಮಾಹಿತಿ ಇಲ್ಲದ್ದಕ್ಕೆ ಕಾರಣವೂ ಇತ್ತು: ವಿಚಾರಣೆ ಫೋನಿನಲ್ಲಿ ಮುಗಿದಿತ್ತು.

ಸರ್ಕಾರ ಬಿಟ್ಟ ಜಾಗಕ್ಕೆ ಉತ್ಸಾಹಿಗಳು ಬಂದರು. ಬೆಟ್ಟಿ ಗ್ರಂಥಾಲಯಕ್ಕೆ ಹೋಗಿ ಡೊನಾಲ್ಡ್ ಕೀಹೋ ಬರೆದ ಹಾರುವ ತಟ್ಟೆಗಳ ಪುಸ್ತಕ ತಂದು ಓದಿದರು. ಸೆಪ್ಟೆಂಬರ್ 26ರಂದು, ಅಂದರೆ ಒಂದು ವಾರದೊಳಗೆ, ಅದೇ ಕೀಹೋ ಮುನ್ನಡೆಸುತ್ತಿದ್ದ 'ನಿಕ್ಯಾಪ್' ಎಂಬ ಖಾಸಗಿ ಸಂಘಕ್ಕೆ ಪತ್ರ ಬರೆದರು. ಈ ಪತ್ರ ಬಹಳ ಮುಖ್ಯ. ಕಿಟಕಿಯ ಆಕೃತಿಗಳು ಇದರಲ್ಲಿವೆ. ತನ್ನ ಗಂಡ ಅಷ್ಟೊಂದು ಹೆದರಿದ್ದು ಯಾವುದನ್ನು ಕಂಡು ಎಂಬುದು ಅವರಿಗೇ ನೆನಪಾಗುತ್ತಿಲ್ಲ, ಸಮ್ಮೋಹನ ಬಲ್ಲ ಮನೋವೈದ್ಯರನ್ನು ಕಾಣುವ ಯೋಚನೆಯಿದೆ ಎಂಬ ಮಾತೂ ಇದೆ. ಅಪಹರಣದ ಸುಳಿವು ಮಾತ್ರ ಇಲ್ಲ.

ಪತ್ರ ಕಳಿಸಿದ ಕೆಲವೇ ದಿನಕ್ಕೆ ಬೆಟ್ಟಿಗೆ ಕನಸುಗಳು ಶುರುವಾದವು. ಸತತ ಐದು ರಾತ್ರಿ. ರಸ್ತೆಗೆ ಅಡ್ಡ ನಿಂತ ಗುಂಪು, ಕಾಡಿನೊಳಗೆ ನಡಿಗೆ, ತಟ್ಟೆಯೊಳಗಿನ ಪರೀಕ್ಷೆ, ಸೂಜಿ, ಮುಖಂಡನೊಬ್ಬನ ಜೊತೆ ಮಾತುಕತೆ, ನಕ್ಷತ್ರ ನಕ್ಷೆ ಎಲ್ಲವೂ ಮೊದಲು ಬಂದದ್ದು ಈ ಕನಸುಗಳಲ್ಲಿ. ಅವನ್ನು ಬರೆದಿಟ್ಟರು, ಗೆಳತಿಯರ ಬಳಿ ಹೇಳಿಕೊಂಡರು. ಅಕ್ಟೋಬರ್ 21ರಂದು ಬಾಸ್ಟನ್ನಿನ ಹೇಡನ್ ತಾರಾಲಯದ ವಾಲ್ಟರ್ ವೆಬ್ ನಿಕ್ಯಾಪ್ ಪರವಾಗಿ ಬಂದು ಆರು ಗಂಟೆ ಹೊತ್ತು ದಂಪತಿಯನ್ನು ಒಟ್ಟಿಗೂ ಬೇರೆ ಬೇರೆಯಾಗಿಯೂ ವಿಚಾರಿಸಿದರು. ಅನುಮಾನ ಇಟ್ಟುಕೊಂಡೇ ಬಂದಿದ್ದ ವೆಬ್‌ಗೆ ಇವರು ಸುಳ್ಳು ಹೇಳುವ ಜನರಲ್ಲ ಎನಿಸಿತು. ಅದು ಸರಿಯಾದ ಅನಿಸಿಕೆಯೇ. ಅರವತ್ತು ವರ್ಷಗಳಲ್ಲಿ ಅವರನ್ನು ಟೀಕಿಸಿದವರಲ್ಲೂ ಹೆಚ್ಚಿನವರು ಅವರನ್ನು ಮೋಸಗಾರರೆಂದು ಕರೆದಿಲ್ಲ.

ನವೆಂಬರ್ 25ರಂದು ನಿಕ್ಯಾಪ್‌ನ ನಂಟಿದ್ದ ಇನ್ನಿಬ್ಬರು ಬಂದು ಕುಳಿತರು. ಹೊರಟ ಹೊತ್ತು, ತಲುಪಿದ ಹೊತ್ತು, ದಾರಿಯ ಉದ್ದ ಎಲ್ಲವನ್ನೂ ಕೂಡಿಸಿ ಕಳೆದು ಒಂದು ಪ್ರಶ್ನೆ ಹಾಕಿದರು: ಇಷ್ಟು ದೂರಕ್ಕೆ ಇಷ್ಟು ಹೊತ್ತು ಏಕೆ ಬೇಕಾಯಿತು? ದಂಪತಿಯ ಬಳಿ ಉತ್ತರವಿರಲಿಲ್ಲ. 'ಕಳೆದುಹೋದ ಎರಡು ಗಂಟೆ' ಹುಟ್ಟಿದ್ದು ಅಂದು, ಘಟನೆಯಾಗಿ ಎರಡು ತಿಂಗಳ ಮೇಲೆ. ಕಾರು ಎಷ್ಟು ಬಾರಿ ನಿಂತಿತ್ತು, ಎಷ್ಟು ಹೊತ್ತು ನಿಂತಿತ್ತು, ಎಷ್ಟು ದೂರ ತೆವಳಿತ್ತು, ಗಾಬರಿಯಲ್ಲಿ ಯಾವ ಒಳದಾರಿ ಹಿಡಿದಿತ್ತು ಎಂಬುದಕ್ಕೆ ಆ ರಾತ್ರಿ ಯಾರೂ ಲೆಕ್ಕ ಇಟ್ಟಿರಲಿಲ್ಲ. ಇಬ್ಬರ ಕೈಗಡಿಯಾರಗಳೂ ನಿಂತುಹೋಗಿದ್ದವು ಎಂದು ಅವರೇ ಹೇಳಿದ್ದರು. ಅಂದಾಜಿನಿಂದ ಅಂದಾಜನ್ನು ಕಳೆದು ಬಂದ ಉಳಿಕೆಯದು. ಆದರೆ ಒಮ್ಮೆ ಅದಕ್ಕೆ ಹೆಸರು ಬಿದ್ದ ಮೇಲೆ ಆ ಖಾಲಿ ಜಾಗವನ್ನು ಏನಾದರೂ ತುಂಬಲೇಬೇಕಲ್ಲ. ತುಂಬಲು ಬೆಟ್ಟಿಯ ಕನಸುಗಳು ಆಗಲೇ ತಯಾರಿದ್ದವು.

ಬಾರ್ನಿಯ ಬಗ್ಗೆ ಇಲ್ಲಿ ನಿಂತು ಹೇಳಬೇಕು, ಏಕೆಂದರೆ ತಟ್ಟೆಯ ಗದ್ದಲದಲ್ಲಿ ಅವರು ಸದಾ ಬದಿಗೆ ಸರಿದುಬಿಡುತ್ತಾರೆ. ಅವರು ಕಪ್ಪು ಜನಾಂಗದವರು, ಬೆಟ್ಟಿ ಬಿಳಿಯರು. ಮದುವೆಯಾಗಿ ಒಂದೂವರೆ ವರ್ಷವೂ ಆಗಿರಲಿಲ್ಲ. ಬಾರ್ನಿ ಹುಟ್ಟಿದ ವರ್ಜೀನಿಯಾದಲ್ಲಿ ಇಂಥ ಮದುವೆ ಅಪರಾಧವಾಗಿತ್ತು. ಆ ಕಾನೂನನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1967ರಲ್ಲಿ. ಇಬ್ಬರೂ ನಾಗರಿಕ ಹಕ್ಕುಗಳ ಚಳವಳಿಯಲ್ಲಿದ್ದವರು. ಬಾಸ್ಟನ್ನಿನ ಅಂಚೆ ಇಲಾಖೆಯಲ್ಲಿ ಬಾರ್ನಿಗೆ ರಾತ್ರಿ ಪಾಳಿ, ಹೋಗಿಬರಲು ದಿನಕ್ಕೆ ಸುಮಾರು 190 ಕಿಲೋಮೀಟರ್. ಹೊಟ್ಟೆಯ ಹುಣ್ಣು, ಏರಿದ ರಕ್ತದೊತ್ತಡ. ಹೋಟೆಲಿಗೆ ಕಾಲಿಟ್ಟರೆ ಜನ ಹೇಗೆ ನೋಡುತ್ತಾರೋ ಎಂಬುದು ಪ್ರವಾಸದ ಉದ್ದಕ್ಕೂ ಅವರ ಮನಸ್ಸಿನಲ್ಲಿತ್ತು. ಅಂಥ ಮನುಷ್ಯ ನಡುರಾತ್ರಿ, ಜನಸಂಚಾರವಿಲ್ಲದ ಬೆಟ್ಟದ ರಸ್ತೆಯಲ್ಲಿ, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನದಲ್ಲಿ ಕಾರು ಓಡಿಸುತ್ತಿದ್ದರು. ಸಮ್ಮೋಹನದಲ್ಲಿ ಕಿಟಕಿಯ ಆಕೃತಿಗಳನ್ನು ವರ್ಣಿಸುವಾಗ ಅವರ ಬಾಯಿಂದ ಬಂದ ಹೋಲಿಕೆಗಳನ್ನು ಕೇಳಿ: ಒಬ್ಬ ಕೆಂಗೂದಲಿನ ಐರಿಷ್‌ನವನಂತೆ, ಇನ್ನೊಬ್ಬ ಕಪ್ಪು ಅಂಗಿಯ ನಾಝಿಯಂತೆ. ಅವು ಭೂಮಿಯ ಮುಖಗಳು, ಕಪ್ಪು ಮನುಷ್ಯ ಹೆದರಲು ಕಲಿತಿದ್ದ ಮುಖಗಳು. ಇತಿಹಾಸಕಾರ ಮ್ಯಾಥ್ಯೂ ಬೌಮನ್ 2023ರಲ್ಲಿ ಈ ದಂಪತಿಯ ಬಗ್ಗೆ ಬರೆದ ಪುಸ್ತಕ ಅವರ ಕಥೆಯನ್ನು ಆ ಕಾಲದ ಜನಾಂಗ ರಾಜಕಾರಣದ ನಡುವೆಯೇ ಇಟ್ಟು ನೋಡುತ್ತದೆ. ನನಗೆ ಕಾಣುವಂತೆ ಗುರುಗ್ರಹದ ವಿವರಣೆಗಿಂತ ಹೆಚ್ಚು ಬೆಳಕು ಈ ಕಡೆಯಿಂದ ಬರುತ್ತದೆ.

ಬಾರ್ನಿಯ ಆರೋಗ್ಯ ಕೆಡುತ್ತ ಹೋಗಿ, ವೈದ್ಯರಿಂದ ವೈದ್ಯರಿಗೆ ದಾಟಿ, 1964ರ ಜನವರಿಯಲ್ಲಿ ಅವರು ಬಾಸ್ಟನ್ನಿನ ಹೆಸರಾಂತ ಮನೋವೈದ್ಯ ಡಾ. ಬೆಂಜಮಿನ್ ಸೈಮನ್ ಎದುರು ಸಮ್ಮೋಹನಕ್ಕೆ ಕುಳಿತರು. ಸೈಮನ್ ಎಚ್ಚರದ ಮನುಷ್ಯ. ಗಂಡ ಹೆಂಡತಿಯನ್ನು ಬೇರೆ ಬೇರೆ ಸಮ್ಮೋಹನಕ್ಕೆ ಒಳಪಡಿಸಿದರು, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಲುಪದಂತೆ, ಹೇಳಿದವರಿಗೇ ಎಚ್ಚರವಾದ ಮೇಲೆ ನೆನಪಾಗದಂತೆ ನೋಡಿಕೊಂಡರು, ಎಲ್ಲವನ್ನೂ ಧ್ವನಿಮುದ್ರಿಸಿದರು. ಜೂನ್ ತನಕ ಇದು ನಡೆಯಿತು. ಇಬ್ಬರೂ ತಟ್ಟೆಯೊಳಗೆ ಹೋದ ಕಥೆ ಹೇಳಿದರು. ಬಾರ್ನಿ ಅತ್ತರು, ಕಿರುಚಿದರು. ಆ ಭಯ ನಟನೆಯಲ್ಲ ಎಂಬುದು ಸೈಮನ್‌ಗೆ ಖಚಿತವಾಗಿತ್ತು.

ನಂಬುವವರು ಇಲ್ಲಿಗೇ ನಿಲ್ಲುತ್ತಾರೆ. ಸೈಮನ್ ನಿಲ್ಲಲಿಲ್ಲ. ಬೆಟ್ಟಿ ಸಮ್ಮೋಹನದಲ್ಲಿ ಹೇಳಿದ್ದು 1961ರ ಕನಸುಗಳಿಗೆ ಬಹುಪಾಲು ಹೊಂದುತ್ತಿತ್ತು. ಬಾರ್ನಿಯ ಕಥೆ ತೆಳುವಾಗಿತ್ತು, ಅದರಲ್ಲಿದ್ದ ಅಪಹರಣದ ಭಾಗ ಹೆಂಡತಿಯ ಕನಸಿನ ಅಂಚಿಗೆ ಅಂಟಿಕೊಂಡಿತ್ತು. ಎರಡು ವರ್ಷ ಬೆಟ್ಟಿ ಆ ಕನಸುಗಳನ್ನು ಬಂದವರಿಗೆಲ್ಲ ಹೇಳುವಾಗ ಬಾರ್ನಿ ಅದೇ ಕೋಣೆಯಲ್ಲಿ ಇರುತ್ತಿದ್ದರು. ಕಂಡ ಬೆಳಕು ನಿಜವಿರಬಹುದು, ಅಪಹರಣ ಮಾತ್ರ ಕನಸಿನಿಂದ ಹುಟ್ಟಿದ ಕಲ್ಪನೆ ಎಂಬುದು ಸೈಮನ್ ತೀರ್ಮಾನ. ಸಮ್ಮೋಹನ ಸತ್ಯ ಹೊರಡಿಸುವ ಯಂತ್ರ ಎಂಬ ನಂಬಿಕೆ ಸಿನಿಮಾದವರದ್ದು. ಅದು ನೆನಪಿನಷ್ಟೇ ಸುಲಭವಾಗಿ ಕಲ್ಪನೆಯನ್ನೂ ಹೊರತರುತ್ತದೆ, ಹೇಳುವವರ ವಿಶ್ವಾಸವನ್ನಂತೂ ಹೆಚ್ಚಿಸುತ್ತದೆ. ಸಮ್ಮೋಹನದಲ್ಲಿ ಬಂದ ನೆನಪುಗಳನ್ನು ಹೆಚ್ಚು ನಿಖರವೆಂದು ನೆಚ್ಚುವಂತಿಲ್ಲ ಎಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1985ರಲ್ಲಿ ಹೇಳಿತು.

ಒಂದು ಮೋಜಿನ ಸಂಗತಿ. ಬೆಟ್ಟಿಯ ಮೊದಲ ಕನಸುಗಳಲ್ಲಿ ಆ ಜೀವಿಗಳಿಗೆ ಉದ್ದ ಮೂಗು, ಕಪ್ಪು ಕೂದಲು. ಸಮ್ಮೋಹನದ ಹೊತ್ತಿಗೆ ಮೂಗು ಮಾಯವಾಗಿ ಮುಖದ ಬದಿಗೂ ಹರಡಿದ ಓರೆಗಣ್ಣುಗಳು ಬಂದವು. ಬಾರ್ನಿ ಆ ಕಣ್ಣುಗಳನ್ನು ವರ್ಣಿಸುವ ಹನ್ನೆರಡು ದಿನ ಮೊದಲು, 1964ರ ಫೆಬ್ರವರಿ 10ರಂದು, 'ದಿ ಔಟರ್ ಲಿಮಿಟ್ಸ್' ಟೀವಿ ಧಾರಾವಾಹಿಯಲ್ಲಿ ಅಂಥದೇ ಕಣ್ಣಿನ ಜೀವಿ ಬಂದಿತ್ತು. ತಾವು ಆ ಧಾರಾವಾಹಿ ನೋಡಿದವರೇ ಅಲ್ಲ ಎಂದು ಬೆಟ್ಟಿ ಹೇಳಿದ್ದಾರೆ. ಕಾಕತಾಳೀಯವೇ ಇರಲಿ, ಮೂಗು ಎಲ್ಲಿ ಹೋಯಿತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಇನ್ನೊಂದು ವಿವರ ನನಗೆ ಇಷ್ಟ: ಬಾರ್ನಿಯ ಹಲ್ಲುಗಳು ಕೈಗೆ ಬರುತ್ತವೆ, ಬೆಟ್ಟಿಯವು ಏಕೆ ಬರುವುದಿಲ್ಲ ಎಂದು ಆ ವೈದ್ಯ ಜೀವಿಗೆ ಆಶ್ಚರ್ಯವಾಯಿತಂತೆ. ಬಾರ್ನಿಗೆ ಕಟ್ಟಿಸಿದ ಹಲ್ಲು ಇತ್ತು. ನಕ್ಷತ್ರ ದಾಟಿ ಬಂದವರಿಗೆ ದಂತಪಂಕ್ತಿ ಗೊತ್ತಿಲ್ಲ!

1965ರ ಅಕ್ಟೋಬರ್ 25ರಂದು 'ಬಾಸ್ಟನ್ ಟ್ರಾವೆಲರ್' ಪತ್ರಿಕೆ ದಂಪತಿಯ ಒಪ್ಪಿಗೆಯಿಲ್ಲದೆಯೇ ಕಥೆಯನ್ನು ಮುಖಪುಟಕ್ಕೆ ತಂದಿತು. ಮರುವರ್ಷ ಜಾನ್ ಫುಲ್ಲರ್ ಬರೆದ 'ದಿ ಇಂಟರಪ್ಟೆಡ್ ಜರ್ನಿ' ಪುಸ್ತಕ, 1975ರಲ್ಲಿ ಜೇಮ್ಸ್ ಅರ್ಲ್ ಜೋನ್ಸ್ ಬಾರ್ನಿಯಾಗಿ ನಟಿಸಿದ ಟೀವಿ ಚಿತ್ರ. ಸೈಮನ್ ತೀರ್ಮಾನ ಈ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ನಕ್ಷೆಯ ಕಥೆ ಪ್ರತ್ಯೇಕವಾಗಿ ಹೇಳುವಂಥದ್ದು, ಏಕೆಂದರೆ ಇಲ್ಲಿ ತನಿಖೆಗಾರ್ತಿಯ ಮೇಲೆ ಗೌರವ ಹುಟ್ಟುತ್ತದೆ. ಸಮ್ಮೋಹನದ ನಂತರ ಬೆಟ್ಟಿ ನೆನಪಿನಿಂದ ಬಿಡಿಸಿದ ಚುಕ್ಕೆ ಗೆರೆಗಳ ಚಿತ್ರವನ್ನು ಒಹಾಯೊದ ಶಾಲಾ ಶಿಕ್ಷಕಿ ಮಾರ್ಜರಿ ಫಿಶ್ ಹಿಡಿದರು. ದಾರಕ್ಕೆ ಮಣಿ ಪೋಣಿಸಿ ತೂಗುಹಾಕಿ ನಮ್ಮ ಸುತ್ತಲಿನ ಸೂರ್ಯನಂಥ ನಕ್ಷತ್ರಗಳ ಮೂರು ಆಯಾಮದ ಮಾದರಿ ಕಟ್ಟಿದರು, ಎಲ್ಲ ಕೋನಗಳಿಂದ ನೋಡುತ್ತ ವರ್ಷಗಟ್ಟಲೆ ಹುಡುಕಿದರು. ಕೊನೆಗೆ 39 ಜ್ಯೋತಿರ್ವರ್ಷ ದೂರದ ಝೀಟಾ ರೆಟಿಕ್ಯುಲಿ ಎಂಬ ಜೋಡಿ ನಕ್ಷತ್ರದ ಕಡೆಯಿಂದ ನೋಡಿದಾಗ ಚಿತ್ರ ಹೊಂದಿತು. 1974ರ ಕೊನೆಗೆ 'ಅಸ್ಟ್ರಾನಮಿ' ಪತ್ರಿಕೆ ಇದನ್ನು ಪ್ರಕಟಿಸಿದಾಗ ವಾದ ಭುಗಿಲೆದ್ದಿತು. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಕೊಟ್ಟ ಉತ್ತರ ಚಿಕ್ಕದು: ಚುಕ್ಕೆಗಳನ್ನು ಕೂಡಿಸುವ ಗೆರೆ ಅಳಿಸಿ, ಆಮೇಲೆ ಎರಡನ್ನೂ ಹೋಲಿಸಿ. ಗೆರೆ ಹೋದರೆ ಹೋಲಿಕೆಯೂ ಹೋಗುತ್ತದೆ. ಬೇಕಾದ ನಕ್ಷತ್ರ ಆರಿಸಿಕೊಂಡು ಬೇಕಾದ ಕಡೆಯಿಂದ ನೋಡುವ ಸ್ವಾತಂತ್ರ್ಯವಿದ್ದರೆ ಯಾವ ಚಿತ್ರಕ್ಕಾದರೂ ಜೋಡಿ ಸಿಕ್ಕೀತು. 1990ರ ದಶಕದಲ್ಲಿ ಹಿಪಾರ್ಕಸ್ ಉಪಗ್ರಹ ನಕ್ಷತ್ರಗಳ ದೂರವನ್ನು ಹೊಸದಾಗಿ ಅಳೆದಾಗ ಫಿಶ್ ಮಾದರಿಯ ಕೆಲವು ಮಣಿಗಳ ಜಾಗವೇ ಕದಲಿತು. ಹೊಸ ಮಾಹಿತಿ ಬಂದ ಮೇಲೆ ಫಿಶ್ ಸ್ವತಃ ತಮ್ಮ ಹೊಂದಾಣಿಕೆಯನ್ನು ಕೈಬಿಟ್ಟರು. ಈ ಇಡೀ ಪ್ರಕರಣದಲ್ಲಿ ಹಾಗೆ ಮಾಡಿದವರು ವಿರಳ.

ಕೈಗೆ ಸಿಗುವ ಸಾಕ್ಷ್ಯ? ಕಾರಿನ ಡಿಕ್ಕಿಯ ಮೇಲೆ ಹೊಳೆಯುವ ವೃತ್ತಗಳಿದ್ದವು, ಅವುಗಳ ಬಳಿ ದಿಕ್ಸೂಚಿಯ ಮುಳ್ಳು ತಿರುಗುತ್ತಿತ್ತು ಎಂದು ದಂಪತಿ ಹೇಳಿದರು. ಉಕ್ಕಿನ ಕಾರಿನ ಬಳಿ ದಿಕ್ಸೂಚಿ ನೆಟ್ಟಗೆ ನಿಂತಿದ್ದರೇ ಆಶ್ಚರ್ಯಪಡಬೇಕಿತ್ತು. ಆ ರಾತ್ರಿ ಬೆಟ್ಟಿ ತೊಟ್ಟಿದ್ದ, ಹರಿದ ಉಡುಪು ಈಗ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ, ದಂಪತಿಯ ಕಾಗದಪತ್ರಗಳ ಜೊತೆ. ಪೀಸ್ ವಾಯುನೆಲೆಯ ರೇಡಾರ್ ಆ ರಾತ್ರಿ 2 ಗಂಟೆ 14 ನಿಮಿಷಕ್ಕೆ ಗುರುತು ಸಿಗದ ವಿಮಾನವೊಂದನ್ನು ಕ್ಷಣಕಾಲ ಹಿಡಿದದ್ದು ದಾಖಲೆಯಲ್ಲಿದೆ. ಇಂಡಿಯನ್ ಹೆಡ್‌ಗೂ ವಾಯುನೆಲೆಗೂ ನೂರಕ್ಕೂ ಹೆಚ್ಚು ಕಿಲೋಮೀಟರ್ ಅಂತರ. ಎರಡನ್ನೂ ಗಂಟು ಹಾಕಲು ಸಮಯವೂ ಜಾಗವೂ ಒದಗುವುದಿಲ್ಲ.

ಬಾರ್ನಿ 1969ರ ಫೆಬ್ರವರಿಯಲ್ಲಿ, 46ನೇ ವಯಸ್ಸಿಗೆ, ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಬೆಟ್ಟಿ ಬದುಕಿದ್ದು 2004ರವರೆಗೆ. ಕೊನೆಯ ದಶಕಗಳಲ್ಲಿ ಅವರಿಗೆ ಆಕಾಶದಲ್ಲಿ ಪದೇ ಪದೇ ತಟ್ಟೆಗಳು ಕಾಣತೊಡಗಿ, ನಂಬುವ ಬಳಗವೂ ಮುಜುಗರಪಟ್ಟುಕೊಂಡು ದೂರ ಸರಿಯಿತು.

2011ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸರ್ಕಾರ ಲಿಂಕನ್ ಊರಿನ ಬಳಿ ಅದೇ ರಸ್ತೆಯ ಬದಿಗೆ ಐತಿಹಾಸಿಕ ಫಲಕವೊಂದನ್ನು ನೆಟ್ಟಿತು. ಸೆಪ್ಟೆಂಬರ್ 19ರ ಆ ರಾತ್ರಿ ದಂಪತಿಗೆ ಅಪರಿಚಿತ ಹಾರುವ ವಸ್ತು ಎದುರಾಯಿತು, ಎರಡು ಗಂಟೆ ಹೊತ್ತು ಕಳೆದುಹೋಯಿತು, ಮರುದಿನ ವಾಯುಪಡೆಗೆ ವರದಿ ಕೊಟ್ಟರು ಎನ್ನುತ್ತದೆ ಅದು. 'ಕಳೆದುಹೋದ' ಎಂಬ ಪದಕ್ಕೆ ಉದ್ಧರಣ ಚಿಹ್ನೆ ಹಾಕಿದ್ದಾರೆ. ಅದು ನವೆಂಬರಿನಲ್ಲಿ ಬಂದದ್ದು ಎಂದು ಹೇಳಲು ಫಲಕದಲ್ಲಿ ಜಾಗ ಸಾಲಲಿಲ್ಲವೇನೋ.